ಕೆಲಸದ ದಿನ, ತಿಳಿ ಬಿಸಿಲು, ಗಾಲಾ ಯುಜಾವಾದ ಹಿಮ: ಪದೇ ಪದೇ ಕೇಳುವ ಪ್ರಶ್ನೆಗಳು

ಟೋಕಿಯೊಗೆ ಕೆಲಸಕ್ಕೆಂದು ಬರುವ ಕನ್ನಡಿಗರು ಮೊದಲ ಚಳಿಗಾಲದಲ್ಲೇ ನನ್ನನ್ನು ಕೇಳುವ ಮಾತು ಇದು: ಹಿಮ ನೋಡಬೇಕು, ಸ್ಕೀಯಿಂಗ್ ಕಲಿಯಬೇಕು, ಎಲ್ಲಿಗೆ ಹೋಗಲಿ, ಯಾವಾಗ ಹೋಗಲಿ? ನನ್ನ ಉತ್ತರ ಹಲವು ವರ್ಷಗಳಿಂದ ಬದಲಾಗಿಲ್ಲ. ಮಾರ್ಚ್ ತಿಂಗಳಲ್ಲಿ ಆಕಾಶ ತಿಳಿಯಾಗಿರುವ ಒಂದು ಕೆಲಸದ ದಿನ ನೋಡಿ ರಜೆ ಹಾಕಿ, ಬೆಳಗ್ಗೆ ಬೇಗ ರೈಲು ಹತ್ತಿ ಗಾಲಾ ಯುಜಾವಾಕ್ಕೆ ಹೋಗಿ. ಈ ಒಂದು ಸಾಲಿನ ಸಲಹೆಯ ಬೆನ್ನಿಗೇ ಪ್ರಶ್ನೆಗಳು ಸಾಲುಗಟ್ಟುತ್ತವೆ. ಗೆಳೆಯರು, ಸಹೋದ್ಯೋಗಿಗಳು, ಊರಿನಿಂದ ಬಂದ ನೆಂಟರು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಗಾಲಾ ಯುಜಾವಾ ಎಲ್ಲಿದೆ? ಇಷ್ಟೊಂದು ಸ್ಕೀ ತಾಣಗಳಿರುವಾಗ ಅಲ್ಲಿಗೇ ಏಕೆ?

ನೀಗಾತಾ ಪ್ರಾಂತ್ಯದ ಯುಜಾವಾ ಪಟ್ಟಣದಲ್ಲಿದೆ. ಟೋಕಿಯೊದಿಂದ ಜೊಎತ್ಸು ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ. 1990ರ ಡಿಸೆಂಬರ್‌ನಲ್ಲಿ ಜೆಆರ್ ಈಸ್ಟ್ ರೈಲ್ವೆ ಸಂಸ್ಥೆಯೇ ಇದನ್ನು ತೆರೆಯಿತು. ಎಚಿಗೊ-ಯುಜಾವಾ ನಿಲ್ದಾಣದಿಂದ 1.8 ಕಿಲೋಮೀಟರ್ ಉದ್ದದ ಕವಲು ಹಳಿಯೊಂದು ನೇರವಾಗಿ ಬೆಟ್ಟದ ಬುಡಕ್ಕೆ ಹೋಗಿ ನಿಲ್ಲುತ್ತದೆ. ಆ ನಿಲ್ದಾಣ ತೆರೆದಿರುವುದು ಚಳಿಗಾಲದಿಂದ ವಸಂತದವರೆಗೆ, ಸ್ಕೀ ಹಂಗಾಮಿನಲ್ಲಿ ಮಾತ್ರ. ಟಿಕೆಟ್ ಗೇಟು ದಾಟಿದರೆ ಎದುರಿಗೇ ಬಾಡಿಗೆ ಕೌಂಟರ್, ಬಟ್ಟೆ ಬದಲಿಸುವ ಕೋಣೆ, ಲಾಕರ್, ಬೆಟ್ಟದ ಮೇಲಕ್ಕೆ ಒಯ್ಯುವ ಗೊಂಡೊಲಾ (ಕೇಬಲ್ ಕಾರು) ಎಲ್ಲ ಒಂದೇ ಸೂರಿನಡಿ ಇವೆ. ಬಸ್ಸಿಗೆ ಕಾಯುವ, ಹಿಮದ ರಸ್ತೆಯಲ್ಲಿ ಕಾರು ಓಡಿಸುವ ಗೋಜಿಲ್ಲ. ಬರಿಗೈಯಲ್ಲಿ ಹೋಗಿ ಸಂಜೆ ಮನೆಗೆ ಮರಳಬಹುದಾದ ಇಂಥ ಇನ್ನೊಂದು ಜಾಗ ಟೋಕಿಯೊದವರಿಗೆ ಸಿಗುವುದು ಕಷ್ಟ.

ಸ್ಕೀಯಿಂಗ್ ಪಳಗಿದವರಿಗೆ ಹಕುಬಾ, ನೊಜಾವಾ, ಹೊಕ್ಕೈದೊದ ನಿಸೆಕೊ ಇವೆ. ಅವು ದೊಡ್ಡ ಬೆಟ್ಟಗಳು, ಎರಡು ಮೂರು ದಿನ ಬೇಕು. ಮೊದಲ ಸಲ ಹಿಮ ಮುಟ್ಟುವವರಿಗೆ ನಾನು ಗಾಲಾವನ್ನೇ ಹೇಳುವುದು.

ಯುಜಾವಾ ಬಹಳ ಎತ್ತರದ ಊರೇ? ಅಷ್ಟು ಹಿಮ ಎಲ್ಲಿಂದ ಬರುತ್ತದೆ?

ಅಲ್ಲ. ಮೊದಲ ಸಲ ತಿಳಿದಾಗ ನನಗೂ ನಂಬಲಾಗಿರಲಿಲ್ಲ. ಯುಜಾವಾ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 350 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಂಗಳೂರು 900 ಮೀಟರ್ ದಾಟುತ್ತದೆ. ಗಾಲಾದ ತುತ್ತತುದಿ 1,200 ಮೀಟರನ್ನೂ ಮುಟ್ಟುವುದಿಲ್ಲ, ನಂದಿಬೆಟ್ಟ ಅದಕ್ಕಿಂತ ಎತ್ತರ.

ಹಿಮಕ್ಕೆ ಕಾರಣ ಎತ್ತರವಲ್ಲ, ಗಾಳಿ. ಆಗುಂಬೆಯ ಮಳೆ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ನೀರು ಹೊತ್ತ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮಲೆನಾಡಿನಲ್ಲಿ ಧೋ ಎಂದು ಸುರಿಯುತ್ತದೆ, ಘಟ್ಟ ದಾಟಿ ಬಯಲುಸೀಮೆಗೆ ಬರುವಷ್ಟರಲ್ಲಿ ಒಣಗಿಹೋಗುತ್ತದೆ. ಜಪಾನಿನಲ್ಲಿ ಚಳಿಗಾಲದಲ್ಲಿ ನಡೆಯುವುದೂ ಇದೇ. ಸೈಬೀರಿಯಾದಿಂದ ಹೊರಟ ಕೊರೆಯುವ ಒಣ ಗಾಳಿ ಜಪಾನ್ ಸಮುದ್ರದ ಮೇಲೆ ಬೀಸುತ್ತದೆ. ಆ ಸಮುದ್ರದಲ್ಲಿ ದಕ್ಷಿಣದಿಂದ ಬರುವ ಬೆಚ್ಚನೆಯ ತ್ಸುಶಿಮಾ ಪ್ರವಾಹವಿದೆ. ಅದರ ತೇವವನ್ನು ಹೀರಿಕೊಂಡ ಗಾಳಿ ನೀಗಾತಾದ ಬೆಟ್ಟಸಾಲಿಗೆ ಬಡಿದು ಮೇಲೇರಿ, ಹಿಮವಾಗಿ ಸುರಿಯುತ್ತದೆ. ಯುಜಾವಾ ಅವರ ಆಗುಂಬೆ. ಬೆಟ್ಟದ ಈಚೆಗಿರುವ ಟೋಕಿಯೊ ಅವರ ಬಯಲುಸೀಮೆ: ಜನವರಿಯಲ್ಲಿ ತುಟಿ ಒಡೆಯುವಷ್ಟು ಒಣ ಹವೆ, ನೀಲಿ ಆಕಾಶ.

ಈ ಎರಡು ಲೋಕಗಳ ನಡುವಿನ ಬಾಗಿಲು ದಾಯ್‌ಶಿಮಿಜು ಸುರಂಗ. ಅದರ ಉದ್ದ 22 ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು. 1982ರಲ್ಲಿ ಶಿಂಕಾನ್ಸೆನ್ ಜೊತೆಗೇ ತೆರೆಯಿತು. ರೈಲು ಕಂದು ಬಣ್ಣದ ಒಣ ಬೆಟ್ಟಗಳ ನಡುವೆ ಒಳಹೊಕ್ಕು ಐದಾರು ನಿಮಿಷದ ಕತ್ತಲೆಯ ನಂತರ ಹೊರಬಂದಾಗ ಮನೆಗಳ ಚಾವಣಿಯ ಮೇಲೆಲ್ಲ ಹಿಮ ಕೂತಿರುತ್ತದೆ. ಆ ಹೊತ್ತಿಗೆ ದಯವಿಟ್ಟು ಮೊಬೈಲಿನಿಂದ ತಲೆ ಎತ್ತಿರಿ.

ಹಾಗಾದರೆ ಟೋಕಿಯೊದಲ್ಲಿ ಬಿಸಿಲಿದ್ದ ದಿನ ಹೊರಟರೆ ಸಾಕಲ್ಲವೇ?

ಸಾಲದು. ಜನವರಿಯಲ್ಲಿ ಟೋಕಿಯೊದ ಬಿಸಿಲು ಎಂದರೆ ಬಹುಪಾಲು ಯುಜಾವಾದಲ್ಲಿ ಹಿಮಪಾತ ಎಂದೇ ಅರ್ಥ. ಮೇಲೆ ಹೇಳಿದ ಗಾಳಿ ಬೀಸುತ್ತಿರುವುದರಿಂದಲೇ ಇಲ್ಲಿ ಆಕಾಶ ತಿಳಿಯಾಗಿರುತ್ತದೆ.

ಹವಾಮಾನ ನಕಾಶೆಯನ್ನು ನೋಡುವುದು ಕಲಿತುಕೊಳ್ಳಿ, ಕಷ್ಟವೇನಿಲ್ಲ. ಪಶ್ಚಿಮದಲ್ಲಿ ಅಧಿಕ ಒತ್ತಡ, ಪೂರ್ವದಲ್ಲಿ ಕಡಿಮೆ ಒತ್ತಡ, ನಡುವೆ ನೆಟ್ಟಗೆ ನಿಂತ ಒತ್ತೊತ್ತಾದ ಗೆರೆಗಳು ಕಂಡರೆ ಅದು ಹಿಮ ಸುರಿಯುವ ದಿನ. ಜಪಾನಿನವರು ಇದನ್ನು ‘ಸೇಯ್‌ಕೋ ತೋತೇಯ್’ ಎನ್ನುತ್ತಾರೆ, ಟಿವಿಯ ಹವಾಮಾನ ವರದಿಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಬದಲಿಗೆ ಅಧಿಕ ಒತ್ತಡದ ದುಂಡು ವಲಯವೊಂದು ಜಪಾನಿನ ಮುಖ್ಯ ದ್ವೀಪವಾದ ಹೊನ್‌ಶುವಿನ ಮೇಲೆಯೇ ಬಂದು ಕೂತು ಗೆರೆಗಳು ಸಡಿಲವಾದರೆ ಬೆಟ್ಟದ ಎರಡೂ ಬದಿ ಬಿಸಿಲು. ಇಂಥ ವಲಯಗಳು ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತ ಒಂದೆರಡು ದಿನದಲ್ಲಿ ದಾಟಿಹೋಗುತ್ತವೆ. ಹಾಗಾಗಿ ಎರಡು ದಿನ ಮೊದಲು ಮುನ್ಸೂಚನೆ ನೋಡಿ ರಜೆ ಕೇಳಿ. ಹೊರಡುವ ಬೆಳಗ್ಗೆ ಸ್ಕೀ ತಾಣದ ನೇರಪ್ರಸಾರದ ಕ್ಯಾಮೆರಾ ಒಮ್ಮೆ ನೋಡಿಕೊಳ್ಳಿ.

ಯಾವ ತಿಂಗಳು ಒಳ್ಳೆಯದು?

ಪುಡಿಹಿಮ ಬೇಕಿದ್ದವರಿಗೆ ಜನವರಿ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ. ಬಿಸಿಲು ಬೇಕಿದ್ದವರಿಗೆ ಮಾರ್ಚ್. ಆಗ ಸೈಬೀರಿಯಾದ ಗಾಳಿ ಸೋಲುತ್ತದೆ, ಬೆಟ್ಟದ ಮೇಲೆ ಇಡೀ ಚಳಿಗಾಲದ ಹಿಮ ಇನ್ನೂ ದಪ್ಪಗೆ ಇರುತ್ತದೆ, ಹಗಲು ಉದ್ದವಾಗಿರುತ್ತದೆ. ಮಧ್ಯಾಹ್ನ ಜಾಕೆಟ್ ಬಿಚ್ಚಿ ಕೂರುವಷ್ಟು ಬೆಚ್ಚಗಾಗುವ ದಿನಗಳೂ ಇವೆ. ನಾವು ಬಿಸಿಲ ನಾಡಿನವರು. ಮೊದಲ ಪಾಠವೇ ಕೊರೆಯುವ ಹಿಮಗಾಳಿಯಲ್ಲಿ ಆದರೆ ಮತ್ತೆ ಆ ಕಡೆ ಮುಖ ಹಾಕುವುದಿಲ್ಲ. ಹಾಗೆ ಕೈಬಿಟ್ಟ ನಾಲ್ಕಾರು ಮಂದಿಯನ್ನು ಕಂಡಿದ್ದೇನೆ. ಆದ್ದರಿಂದಲೇ ಮಾರ್ಚ್ ಎಂದು ಒತ್ತಿ ಹೇಳುತ್ತೇನೆ.

ಕೆಲಸದ ದಿನವೇ ಏಕೆ? ಭಾನುವಾರ ಹೋದರೆ ಆಗದೇ?

ಹೋಗಬಹುದು. ಆದರೆ ರಜಾದಿನ ಬೆಳಗ್ಗೆ ಬಾಡಿಗೆ ಕೌಂಟರಿನಲ್ಲಿ ಒಂದು ಸಾಲು, ಗೊಂಡೊಲಾಕ್ಕೆ ಇನ್ನೊಂದು ಸಾಲು, ಊಟಕ್ಕೆ ಮತ್ತೊಂದು. ಬಿಸಿಲಿನ ದಿನದಲ್ಲಿ ಹಿಮ ಚೆನ್ನಾಗಿರುವುದು ಬೆಳಗಿನ ಹೊತ್ತು ಎರಡು ಮೂರು ಗಂಟೆಗಳ ಕಾಲ ಮಾತ್ರ (ಏಕೆಂದು ಮುಂದೆ ಹೇಳುತ್ತೇನೆ). ಆ ಹೊತ್ತನ್ನು ಸಾಲಿನಲ್ಲಿ ನಿಂತು ಕಳೆದರೆ ಕೊಟ್ಟ ಹಣವೂ ಹೋಯಿತು, ದಿನವೂ ಹೋಯಿತು. ಇನ್ನೊಂದು ಕಾರಣವಿದೆ. ಹೊಸಬರು ಬೀಳುತ್ತಾರೆ, ಎಲ್ಲೆಂದರಲ್ಲಿ ನಿಲ್ಲುತ್ತಾರೆ. ಇಳಿಜಾರಿನಲ್ಲಿ ಜನ ಕಡಿಮೆಯಿದ್ದರೆ ನಿಮಗೂ ಭಯವಿಲ್ಲ, ಹಿಂದಿನಿಂದ ಬರುವವರಿಗೂ ತೊಂದರೆಯಿಲ್ಲ.

ರಜೆ ಕೇಳಲು ಹಿಂಜರಿಯುವವರಿಗೆ ಒಂದು ಮಾತು. ಜಪಾನಿನ ಕಾನೂನಿನ ಪ್ರಕಾರ ಕೆಲಸಕ್ಕೆ ಸೇರಿ ಆರು ತಿಂಗಳು ಸರಿಯಾಗಿ ಹಾಜರಾದ ಪೂರ್ಣಾವಧಿ ನೌಕರರಿಗೆ ಹತ್ತು ದಿನ ಸಂಬಳಸಹಿತ ರಜೆ ಸಿಗುತ್ತದೆ. ಅದೇ ‘ಯೂಕ್ಯೂ’. ಹತ್ತು ದಿನ ಅಥವಾ ಹೆಚ್ಚು ರಜೆಯ ಹಕ್ಕುಳ್ಳವರು ವರ್ಷಕ್ಕೆ ಕನಿಷ್ಠ ಐದು ದಿನವನ್ನಾದರೂ ಬಳಸುವಂತೆ ನೋಡಿಕೊಳ್ಳುವುದು 2019ರ ಏಪ್ರಿಲ್‌ನಿಂದ ಕಂಪನಿಯ ಹೊಣೆ. ನೀವು ಕೇಳುತ್ತಿರುವುದು ಯಾರ ಉಪಕಾರವೂ ಅಲ್ಲ.

ಕೆಲಸದ ದಿನವೂ ಜನಜಂಗುಳಿ ಇರುವುದುಂಟೇ?

ಉಂಟು. ಕ್ಯಾಲೆಂಡರಿನಲ್ಲಿ ಫೆಬ್ರವರಿ 11, ಫೆಬ್ರವರಿ 23, ಮಾರ್ಚ್ 20ರ ಸುಮಾರಿಗೆ ಬರುವ ವಿಷುವತ್ ದಿನ, ಇವು ವಾರದ ನಡುವೆ ಬಿದ್ದರೂ ಸಾರ್ವಜನಿಕ ರಜೆಗಳು. ಚೀನೀ ಹೊಸವರ್ಷದ ವಾರ ಹೊರದೇಶದ ಪ್ರವಾಸಿಗರಿಂದ ತುಂಬಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ರಜೆಯಾದ್ದರಿಂದ ವಿದ್ಯಾರ್ಥಿಗಳ ಗುಂಪು ವಾರದ ಎಲ್ಲ ದಿನವೂ ಇರುತ್ತದೆ. ಆದರೂ ಭಾನುವಾರಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ರೈಲು, ಟಿಕೆಟ್, ಖರ್ಚು?

ತಾನಿಗಾವಾ ಎಂಬ ಹೆಸರಿನ ಶಿಂಕಾನ್ಸೆನ್‌ಗಳಲ್ಲಿ ಕೆಲವು ಹಂಗಾಮಿನಲ್ಲಿ ನೇರವಾಗಿ ಗಾಲಾ ಯುಜಾವಾ ನಿಲ್ದಾಣದವರೆಗೆ ಹೋಗುತ್ತವೆ. ಅದು ಸಿಗದಿದ್ದರೆ ತೋಕಿ ರೈಲಿನಲ್ಲಿ ಎಚಿಗೊ-ಯುಜಾವಾದಲ್ಲಿ ಇಳಿದು ಸ್ಕೀ ತಾಣದ ಉಚಿತ ಬಸ್ಸು ಹತ್ತಿ. ಟೋಕಿಯೊ, ಉಎನೊ, ಓಮಿಯಾ ಮೂರರಲ್ಲೂ ಹತ್ತಬಹುದು. ಟೋಕಿಯೊದ ನಿಶಿಕಸಾಯ್ ಬಡಾವಣೆ ಕಡೆಯ ನಮ್ಮವರು ಮೆಟ್ರೊದ ತೋಜಾಯ್ ಮಾರ್ಗದಲ್ಲಿ ಓತೆಮಾಚಿಗೆ ಬಂದು ಅಲ್ಲಿಂದ ಟೋಕಿಯೊ ನಿಲ್ದಾಣಕ್ಕೆ ನಡೆದುಬಿಡುವುದು ಸುಲಭ. ಆ ಹೊತ್ತಿಗೆ ಕಚೇರಿಗೆ ಹೋಗುವವರ ನೂಕುನುಗ್ಗಲು ಇರುತ್ತದೆ, ಏಳು ಗಂಟೆಗೆ ಮೊದಲೇ ಮೆಟ್ರೊ ಹತ್ತಿಬಿಡಿ.

ಶಿಂಕಾನ್ಸೆನ್ ಅಗ್ಗವಲ್ಲ, ಒಂದು ಬದಿಯ ಪ್ರಯಾಣಕ್ಕೇ ಸುಮಾರು ಏಳು ಸಾವಿರ ಯೆನ್. ಬಿಡಿಬಿಡಿಯಾಗಿ ಕೊಳ್ಳುವ ಬದಲು ರೈಲು ಮತ್ತು ಲಿಫ್ಟ್ (ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿ) ಟಿಕೆಟ್ ಎರಡೂ ಸೇರಿದ ಒಂದು ದಿನದ ಪ್ಯಾಕೇಜುಗಳನ್ನು ನೋಡಿ. ಕೆಲಸದ ದಿನಗಳಿಗೆ ಅವುಗಳ ದರ ಸಾಮಾನ್ಯವಾಗಿ ಕಡಿಮೆ. ಊರಿನಿಂದ ನೆಂಟರು ಬಂದು ಮೂರು ದಿನ ಸುತ್ತಾಡುವುದಿದ್ದರೆ ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ಸಿಗುವ ಜೆಆರ್ ಟೋಕಿಯೊ ವೈಡ್ ಪಾಸ್ ಗಾಲಾ ಯುಜಾವಾದವರೆಗೂ ನಡೆಯುತ್ತದೆ.

ಏನು ಕೊಂಡೊಯ್ಯಬೇಕು, ಏನು ಬಾಡಿಗೆಗೆ ಸಿಗುತ್ತದೆ?

ಸ್ಕೀ ಹಲಗೆ, ಬೂಟು, ಕೋಲು, ಹೆಲ್ಮೆಟ್, ನೀರು ಒಳಬಿಡದ ಜಾಕೆಟ್ಟು ಪ್ಯಾಂಟು ಎಲ್ಲ ಬಾಡಿಗೆಗೆ ಸಿಗುತ್ತವೆ. ಕೈಗವಸು, ಟೋಪಿ, ಕಾಲುಚೀಲಗಳನ್ನು ಮಾತ್ರ ನೀವೇ ಒಯ್ಯಿರಿ. ಪಾದದ ಅಳತೆಯನ್ನು ಸೆಂಟಿಮೀಟರಿನಲ್ಲಿ ಕೇಳುತ್ತಾರೆ, ಮನೆಯಲ್ಲೇ ಅಳೆದುಕೊಂಡು ಹೋಗಿ. ಮೊಣಕಾಲವರೆಗೆ ಬರುವ ದಪ್ಪ ಕಾಲುಚೀಲ ಒಂದೇ ಜೊತೆ ಸಾಕು. ಚಳಿಯೆಂದು ಎರಡು ಹಾಕಿಕೊಂಡರೆ ಬೂಟಿನೊಳಗೆ ಮಡಿಕೆ ಬಿದ್ದು ಪಾದ ಸುಲಿಯುತ್ತದೆ. ಒಳಗೆ ಹತ್ತಿಯ ಬನಿಯನ್, ಜೀನ್ಸ್ ಬೇಡ. ಬೆವರಿಗೆ ಒದ್ದೆಯಾದ ಹತ್ತಿ ಒಣಗುವುದಿಲ್ಲ, ಲಿಫ್ಟಿನಲ್ಲಿ ಗಾಳಿ ಬಡಿದಾಗ ಬೆನ್ನು ಕೊರೆಯುತ್ತದೆ.

ಬಿಸಿಲಿಗೆ ಹಿಮ ಕರಗಿಹೋಗುವುದಿಲ್ಲವೇ?

ಬೆಟ್ಟದ ಹಿಮ ಒಂದು ದಿನದ ಬಿಸಿಲಿಗೆ ಹೋಗುವಂಥದ್ದಲ್ಲ. ಆದರೆ ಗಂಟೆ ಗಂಟೆಗೂ ಅದರ ಗುಣ ಬದಲಾಗುತ್ತದೆ. ಇಡೀ ದಿನವನ್ನು ಇದರ ಸುತ್ತಲೇ ಹೊಂದಿಸಿಕೊಳ್ಳಬೇಕು ಎಂಬುದು ನಾನು ಹೇಳಬೇಕೆಂದಿರುವ ಮುಖ್ಯ ಮಾತು.

ಮೋಡವಿಲ್ಲದ ರಾತ್ರಿಯಲ್ಲಿ ನೆಲದ ಶಾಖವೆಲ್ಲ ಆಕಾಶಕ್ಕೆ ಹಾರಿಹೋಗುತ್ತದೆ. ಹಿಂದಿನ ದಿನ ಬಿಸಿಲಿಗೆ ಒದ್ದೆಯಾದ ಹಿಮದ ಮೇಲ್ಪದರ ರಾತ್ರಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಎಂಟೂವರೆಗೆ ಬೆಟ್ಟ ಹತ್ತಿದರೆ ಅದು ಕಡಪಾ ಕಲ್ಲಿನ ನೆಲ. ಹಲಗೆಯ ಅಂಚು ತಾಗಿದರೆ ಕರ್ ಕರ್ ಎನ್ನುತ್ತದೆ. ಜಪಾನಿನವರು ಇದನ್ನು ‘ಐಸುಬಾನ್’ ಎನ್ನುತ್ತಾರೆ. ಹೊಸಬರು ಆ ಹೊತ್ತಿಗೆ ಇಳಿಜಾರಿಗೆ ಹೋಗಬಾರದು. ಬಿದ್ದರೆ ಸೊಂಟಕ್ಕೆ ಚೆನ್ನಾಗಿ ಪೆಟ್ಟಾಗುತ್ತದೆ. ಬೂಟು ಬಿಗಿದುಕೊಂಡು, ಸಮತಟ್ಟಾದ ಕಡೆ ಹಲಗೆ ತೊಟ್ಟು ನಡೆಯುವ ಅಭ್ಯಾಸ ಮಾಡುತ್ತಿರಿ.

ಒಂಬತ್ತೂವರೆ, ಹತ್ತರ ಹೊತ್ತಿಗೆ ಬಿಸಿಲು ಬಿದ್ದ ಕಡೆ ಮೇಲಿನ ಒಂದೆರಡು ಅಂಗುಲ ಸಡಿಲವಾಗುತ್ತದೆ. ದಕ್ಷಿಣಕ್ಕೆ, ಪೂರ್ವಕ್ಕೆ ಮುಖ ಮಾಡಿದ ಇಳಿಜಾರುಗಳು ಮೊದಲು ಸಡಿಲವಾಗುತ್ತವೆ, ಮರದ ನೆರಳಿನವು ಕೊನೆಗೆ. ಆಗ ಕೈಗವಸಿನಲ್ಲಿ ಒಂದು ಹಿಡಿ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಹಿಂಜಿದ ಹತ್ತಿಯಂತೆ ಇರುತ್ತದೆ ಎಂದುಕೊಂಡ ಹಿಮ ಅಲ್ಲಿ ಇರುವುದಿಲ್ಲ. ಬಿಡಿಬಿಡಿ ಹರಳು, ಒಂದೊಂದೂ ಸಾಸಿವೆ ಗಾತ್ರ, ಒಂದೊಂದರ ತುದಿಯಲ್ಲೂ ನೀರಿನ ಮಿನುಗು. ಬೆರಳು ಸಡಿಲಿಸಿದರೆ ರವೆಯಂತೆ ಸುರಿಯುತ್ತದೆ. ಇದರ ಹೆಸರು ‘ಜರಾಮೆ ಯುಕಿ’. ಜರಾಮೆ ಎಂದರೆ ದಪ್ಪ ಹರಳಿನ ಸಕ್ಕರೆ, ಯುಕಿ ಎಂದರೆ ಹಿಮ. ಹಲಗೆ ಇದರ ಮೇಲೆ ನಯವಾಗಿ ಜಾರುತ್ತದೆ, ಹೇಳಿದ ಹಾಗೆ ತಿರುಗುತ್ತದೆ, ಬಿದ್ದರೂ ನೋವಾಗುವುದಿಲ್ಲ. ಹನ್ನೊಂದೂವರೆ, ಹನ್ನೆರಡರವರೆಗಿನ ಈ ಎರಡು ಗಂಟೆಯೇ ಬಿಸಿಲಿನ ದಿನದ ಸಾರ. ಪಾಠವನ್ನು ಈ ಹೊತ್ತಿಗೇ ಗೊತ್ತು ಮಾಡಿಕೊಳ್ಳಿ.

ಮಧ್ಯಾಹ್ನದ ನಂತರ ಹಿಮ ನೀರು ಕುಡಿದು ಭಾರವಾಗುತ್ತದೆ. ಚೆನ್ನಾಗಿ ಜಾರುತ್ತಿದ್ದ ಹಲಗೆ ಒಮ್ಮೆಗೇ ಯಾರೋ ಹಿಡಿದೆಳೆದಂತೆ ನಿಂತುಬಿಡುತ್ತದೆ, ದೇಹ ಮಾತ್ರ ಮುಂದೆ ಹೋಗುತ್ತದೆ. ಇದಕ್ಕೆ ‘ಸ್ತೊಪ್ಪು ಯುಕಿ’ (ಸ್ಟಾಪ್ ಹಿಮ) ಎಂದೇ ಹೆಸರು. ಆ ಹೊತ್ತಿಗೆ ತೊಡೆಗಳು ಸೋತಿರುತ್ತವೆ. ಮೊಣಕಾಲು ಉಳುಕುವುದಕ್ಕೆ ಇಷ್ಟು ಸಾಕು. ‘ಇನ್ನೊಂದೇ ಸಲ’ ಎನ್ನುವ ಆಸೆಯನ್ನು ಎರಡು ಗಂಟೆಗೆ ತಡೆದುಕೊಳ್ಳಿ.

ನಾನು ಒಮ್ಮೆಯೂ ಸ್ಕೀಯಿಂಗ್ ಮಾಡಿಲ್ಲ. ಗೆಳೆಯರು ಕಲಿಸುತ್ತೇನೆ ಎನ್ನುತ್ತಾರೆ. ಸಾಕೇ?

ಸಾಲದು, ದಯವಿಟ್ಟು ತರಬೇತುದಾರರ ಬಳಿ ಪಾಠ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಕಲಿಸುವವರೂ ಸಿಗುತ್ತಾರೆ, ಮೊದಲೇ ಕಾಯ್ದಿರಿಸಬೇಕು. ಸ್ಕೀಯಿಂಗ್ ಬಲ್ಲ ಗೆಳೆಯ ತಾನು ಹೇಗೆ ನಿಲ್ಲುತ್ತೇನೆ ಎಂಬುದನ್ನೇ ಮರೆತಿರುತ್ತಾನೆ, ನಿಮಗೆ ಬೇಕಾದದ್ದು ಮೊದಲು ನಿಲ್ಲುವ ವಿದ್ಯೆ.

ಪಾಠದ ಮೊದಲ ಅರ್ಧ ಗಂಟೆ ಒಂದೇ ಮಾತು ಕೇಳುತ್ತೀರಿ: ‘ಹಾ ನೊ ಜಿ’. ಜಪಾನಿ ಲಿಪಿಯ ‘ಹ’ ಅಕ್ಷರ ಗುಡಿಸಲಿನ ಸೂರಿನಂತೆ ಮೇಲೆ ಕಿರಿದು, ಕೆಳಗೆ ಅಗಲ. ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಮಾಡಿ ನಿಂತರೆ ಅದೇ ಆಕಾರ. ಹಿಮ್ಮಡಿಯನ್ನು ಇನ್ನಷ್ಟು ಹೊರಗೆ ಒತ್ತಿದರೆ ವೇಗ ಕಡಿಮೆಯಾಗುತ್ತದೆ. ಭಯವಾದಾಗ ನಾವೆಲ್ಲ ಹಿಂದಕ್ಕೆ ವಾಲುತ್ತೇವೆ. ಹಿಂದಕ್ಕೆ ವಾಲಿದಷ್ಟೂ ಹಲಗೆ ಓಡುತ್ತದೆ. ಕಣಕಾಲಿನ ಮುಂಭಾಗ ಬೂಟಿಗೆ ಒತ್ತಿಕೊಂಡೇ ಇರಬೇಕು. ಇದು ಮೈಗೆ ಹತ್ತುವವರೆಗೆ ಹಸಿರು ಬಣ್ಣದ ಹಾದಿಗಳಲ್ಲೇ ಇರಿ. ಜಪಾನಿನಲ್ಲಿ ಹಸಿರು ಹೊಸಬರಿಗೆ, ಕೆಂಪು ಸ್ವಲ್ಪ ಪಳಗಿದವರಿಗೆ, ಕಪ್ಪು ನುರಿತವರಿಗೆ.

ಅಲ್ಲಿ ಕಿವಿಗೆ ಬೀಳುವ ಪದಗಳು ಜಪಾನಿಯಂತೆ ಕೇಳುವುದಿಲ್ಲವಲ್ಲ?

ಸರಿಯಾಗಿ ಗಮನಿಸಿದ್ದೀರಿ. ಇಳಿಜಾರಿಗೆ ‘ಗೆರೆಂದೆ’, ಕೋಲಿಗೆ ‘ಸುತೊಕ್ಕು’, ಸೂರಿನಾಕಾರದಲ್ಲಿ ತಿರುಗುವುದಕ್ಕೆ ‘ಬೋಗೆನ್’, ಎಲ್ಲವೂ ಜರ್ಮನ್ ಮೂಲದವು. 1911ರ ಜನವರಿ 12ರಂದು ಇದೇ ನೀಗಾತಾ ಪ್ರಾಂತ್ಯದ ತಾಕಾದಾ ಎಂಬಲ್ಲಿ ಆಸ್ಟ್ರಿಯಾ-ಹಂಗೇರಿ ಸೇನೆಯ ಮೇಜರ್ ಥಿಯೊಡೋರ್ ಫಾನ್ ಲೆರ್ಖ್ ಜಪಾನಿ ಸೈನಿಕರಿಗೆ ಸ್ಕೀಯಿಂಗ್ ಕಲಿಸಲು ಆರಂಭಿಸಿದರು. ಆಗ ಅವರು ಬಳಸುತ್ತಿದ್ದುದು ಎರಡು ಕೋಲನ್ನಲ್ಲ, ಉದ್ದನೆಯ ಒಂದೇ ಕೋಲನ್ನು. ಜನವರಿ 12 ಜಪಾನಿನಲ್ಲಿ ಇಂದಿಗೂ ಸ್ಕೀ ದಿನ. ಹಲಗೆಗೆ ಮಾತ್ರ ಅಪ್ಪಟ ಜಪಾನಿ ಪದ, ‘ಇತಾ’. ಅದರ ಅರ್ಥವೂ ಹಲಗೆಯೇ.

ತೂಗುಕುರ್ಚಿಯ ಲಿಫ್ಟ್ ಹತ್ತುವುದಕ್ಕೆ ಭಯ. ಏನು ಮಾಡಲಿ?

ಸಿಬ್ಬಂದಿಗೆ ‘ಹಾಜಿಮೆತೆ ದೆಸ್’ ಎನ್ನಿ. ಇದೇ ಮೊದಲ ಸಲ ಎಂದರ್ಥ. ‘ಯುಕ್ಕುರಿ ಒನೆಗಾಯ್‌ಶಿಮಾಸ್’, ನಿಧಾನ ಮಾಡಿ ಎಂದರೆ ಯಂತ್ರದ ವೇಗವನ್ನೇ ತಗ್ಗಿಸುತ್ತಾರೆ. ನಾಚಿಕೆ ಬೇಡ, ಅದು ಅವರ ದಿನನಿತ್ಯದ ಕೆಲಸ. ಒಂದು ಮಾರ್ಚ್ ಬೆಳಗ್ಗೆ ಲಿಫ್ಟಿನ ಬುಡದಲ್ಲಿ ನಾನೊಬ್ಬನೇ ಇದ್ದೆ. ಹಿರಿಯರೊಬ್ಬರು ಕೈಯಲ್ಲಿ ಗಿಡ್ಡ ಪೊರಕೆ ಹಿಡಿದು, ಬರುವ ಪ್ರತಿ ಕುರ್ಚಿಯ ಮೇಲಿನ ನೀರು ಹಿಮವನ್ನು ಎರಡೇ ಬೀಸಿನಲ್ಲಿ ಗುಡಿಸುತ್ತಿದ್ದರು. ಕೂರುವವರಿಲ್ಲದ ಕುರ್ಚಿಗಳನ್ನೂ ಬಿಡದೆ ಗುಡಿಸಿದರು. ನನ್ನ ಸರದಿ ಬಂದಾಗ ಕುರ್ಚಿಯನ್ನು ಕೈಯಲ್ಲಿ ತಡೆದು ಹಿಡಿದು, ನಾನು ಕೂತ ಮೇಲೆ ಬಿಟ್ಟು, ತಲೆ ಬಾಗಿಸಿ ‘ಹೋಗಿ ಬನ್ನಿ’ ಎಂದರು. ಕೆಲಸದ ದಿನ ಹೋದವರಿಗೆ ಸಿಗುವುದು ಇಂಥದ್ದು.

ಚಳಿಯ ಊರಿನಲ್ಲಿ ಸನ್‌ಸ್ಕ್ರೀನ್, ಕಪ್ಪು ಕನ್ನಡಕ ಬೇಕೇ? ನಮ್ಮದು ಹೇಗೂ ಕಪ್ಪು ಚರ್ಮ.

ಬೇಕೇ ಬೇಕು. ಹೊಸ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳಲ್ಲಿ ಶೇಕಡ 80ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಅಂದರೆ ಬಿಸಿಲು ಮೇಲಿನಿಂದ ಒಮ್ಮೆ, ಕೆಳಗಿನಿಂದ ಇನ್ನೊಮ್ಮೆ ಬೀಳುತ್ತದೆ. ನಮ್ಮ ಚರ್ಮ ಸ್ವಲ್ಪ ತಡೆಯುತ್ತದೆ ನಿಜ, ಆದರೆ ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಸುತ್ತ, ಕಿವಿಯ ಹಿಂದೆ ಸುಟ್ಟು ಸಿಪ್ಪೆ ಏಳುವುದನ್ನು ನಾನೇ ಅನುಭವಿಸಿದ್ದೇನೆ. ಆ ಜಾಗಗಳಿಗೆ ಮರೆಯದೆ ಹಚ್ಚಿ, ಊಟದ ನಂತರ ಮತ್ತೊಮ್ಮೆ ಹಚ್ಚಿ.

ಕಣ್ಣಿನ ವಿಷಯದಲ್ಲಿ ಚರ್ಮದ ಬಣ್ಣ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಕನ್ನಡಕವಿಲ್ಲದೆ ಇಡೀ ದಿನ ಕಳೆದರೆ ರಾತ್ರಿ ಕಣ್ಣಿನೊಳಗೆ ಮರಳು ಹಾಕಿದಂತೆ ಉರಿ, ನೀರು, ದೀಪ ನೋಡಲಾಗದಷ್ಟು ನೋವು. ಜಪಾನಿಯಲ್ಲಿ ಇದು ‘ಯುಕಿಮೆ’, ಹಿಮಗಣ್ಣು. ನೋವು ಕಾಣಿಸಿಕೊಳ್ಳುವುದು ಕೆಲವು ಗಂಟೆ ತಡವಾಗಿ, ಹಾಗಾಗಿ ಬೆಟ್ಟದ ಮೇಲಿದ್ದಾಗ ಏನೂ ಗೊತ್ತಾಗುವುದಿಲ್ಲ. ಮಕ್ಕಳಿಗೆ ಕನ್ನಡಕ ಹಾಕದೆ ಹಿಮದಲ್ಲಿ ಬಿಡಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದೇ? ಅವರು ಸ್ಕೀಯಿಂಗ್ ಮಾಡುವವರಲ್ಲ.

ಖಂಡಿತ ಹೋಗಿ. ಬಿಸಿಲಿನ ಕೆಲಸದ ದಿನ ಅವರಿಗೆಂದೇ ಇರುವಂಥದ್ದು. ಸ್ಕೀಯಿಂಗ್ ಮಾಡದವರಿಗೆ ಗೊಂಡೊಲಾದಲ್ಲಿ ಹೋಗಿಬರುವ ಪ್ರತ್ಯೇಕ ಟಿಕೆಟ್ ಇದೆ, ಮೇಲೆ ಹಿಮದ ಆಟಕ್ಕೂ ಜಾರುಬಂಡಿಗೂ ಬೇರೆಯೇ ಜಾಗವಿದೆ. ಹಿಮದ ಬೂಟು, ಜಾಕೆಟ್ಟು, ಪ್ಯಾಂಟು ಬಾಡಿಗೆಗೆ ಪಡೆಯಿರಿ. ಸೀರೆಯಲ್ಲೇ ಬರುತ್ತೇನೆ ಎನ್ನುವ ಅಮ್ಮಂದಿರಿಗೆ ಅಂಚು ಒದ್ದೆಯಾಗಿ ಕಾಲು ಮರಗಟ್ಟುತ್ತದೆ ಎಂದು ಮೊದಲೇ ತಿಳಿಸಿ ಹೇಳಿ. ಮೊಣಕಾಲು ನೋವಿದ್ದರೆ ಹತ್ತು ಗಂಟೆಗೆ ಮೊದಲು ಹೊರಗೆ ನಡೆಸಬೇಡಿ. ಹೆಪ್ಪುಗಟ್ಟಿದ ನೆಲದಲ್ಲಿ ಜಾರುತ್ತಾರೆ.

ನನ್ನ ಅಮ್ಮ ಸಾಗರದವರು. ಎರಡು ವರ್ಷದ ಹಿಂದೆ ಬಂದಾಗ ಅವರಿಗೆ ಅರವತ್ತೇಳು. ಗೊಂಡೊಲಾ ಇಳಿದವರು ಹತ್ತು ಹೆಜ್ಜೆ ನಡೆದು, ಕೈಗವಸು ತೆಗೆದು ನನ್ನ ಕೈಗೆ ಕೊಟ್ಟು, ಬರಿಗೈಯಲ್ಲಿ ಹಿಮ ತೆಗೆದುಕೊಂಡರು. ಹೆಬ್ಬೆರಳಿನಿಂದ ಅಂಗೈಯಲ್ಲಿ ಉಜ್ಜಿ ನೋಡಿ, ‘ಕಲ್ಲುಸಕ್ಕರೆ ಕುಟ್ಟಿದ ಹಾಗೆ ಇದೆಯಲ್ಲೋ’ ಎಂದರು. ಜರಾಮೆ ಎಂಬ ಪದವನ್ನು ನಾನು ಅವರಿಗೆ ಆವರೆಗೆ ಹೇಳಿರಲಿಲ್ಲ. ಆಮೇಲೆ ಅರ್ಧ ಗಂಟೆ ಬಿಸಿಲಿನ ಬೆಂಚಿನಲ್ಲಿ ಕೂತು ಎದುರಿನ ಬೆಟ್ಟಸಾಲನ್ನು ನೋಡುತ್ತಿದ್ದರು. ಆಕಾಶ ತಿಳಿಯಾಗಿದ್ದರೆ ಕೆಳಗೆ ಉಓನುಮಾದ ಗದ್ದೆಬಯಲು, ಅದರಾಚೆ 1,967 ಮೀಟರಿನ ಮಾಕಿಹಾತಾ, ಉತ್ತರಕ್ಕೆ 1,778 ಮೀಟರಿನ ಹಕ್ಕಾಯ್ ಬೆಟ್ಟ. ‘ಅಷ್ಟೂ ಗದ್ದೆಯೇ?’ ಎಂದು ಕೇಳಿದರು. ಹೌದು, ಜಪಾನಿನ ಹೆಸರಾಂತ ಕೊಶಿಹಿಕಾರಿ ಅಕ್ಕಿ ಬೆಳೆಯುವುದು ಅಲ್ಲೇ, ಈ ಹಿಮ ಕರಗಿದ ನೀರಿನಲ್ಲೇ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಕಷ್ಟ. ಸ್ಕೀ ತಾಣಗಳ ಜನಪ್ರಿಯ ಊಟ ಕರ್ರಿ ರೈಸ್, ಅದರ ಗೊಜ್ಜಿನಲ್ಲೇ ಮಾಂಸವಿರುತ್ತದೆ. ತುಂಡುಗಳನ್ನು ತೆಗೆದಿಟ್ಟು ತಿನ್ನುತ್ತೇನೆಂದರೆ ಆಗುವುದಿಲ್ಲ. ಉದೊನ್, ಸೊಬಾ ಎಂಬ ನೂಡಲ್ಸ್, ಸೋಯಾದ ಮಿಸೊ ಸಾರು, ಇವುಗಳ ತಿಳಿಗೆ ಸಾಮಾನ್ಯವಾಗಿ ಮೀನಿನ ಸಾರ ಸೇರಿರುತ್ತದೆ. ಕರಿದ ಆಲೂಗಡ್ಡೆ, ಉಪ್ಪಿನಲ್ಲಿ ಹಾಕಿದ ಉಮೆ ಹಣ್ಣಿನ ಅನ್ನದುಂಡೆ ಸಿಕ್ಕಬಹುದು. ಮನೆಯ ಬುತ್ತಿಯೇ ಮೇಲು. ಪುಳಿಯೋಗರೆ, ಚಪಾತಿ ಪಲ್ಯ ಕೆಡುವುದಿಲ್ಲ, ಚಳಿಯಲ್ಲೂ ಅಷ್ಟಾಗಿ ಗಟ್ಟಿಯಾಗುವುದಿಲ್ಲ, ಇಡ್ಲಿಯಾದರೆ ಕಲ್ಲಾಗುತ್ತದೆ. ರೆಸ್ಟೊರೆಂಟಿನ ಮೇಜಿನಲ್ಲಿ ಬುತ್ತಿ ಬಿಚ್ಚಬೇಡಿ, ಅದು ಅಲ್ಲಿ ತಪ್ಪು. ‘ಕ್ಯೂಕೇಯ್‌ಜೊ’ ಎಂದು ಬರೆದ ವಿಶ್ರಾಂತಿ ಕೋಣೆ ಎಲ್ಲಿದೆ ಎಂದು ಕೇಳಿ, ಅಲ್ಲಿ ತಿನ್ನಬಹುದೇ ಎಂದು ವಿಚಾರಿಸಿ ಕೂತುಕೊಳ್ಳಿ.

ಹಗ್ಗ ಕಟ್ಟಿದ ಆಚೆಗೆ ಯಾರೂ ತುಳಿಯದ ಹಿಮ ಕಾಣುತ್ತದೆ. ಸ್ವಲ್ಪ ಹೋಗಿ ಫೋಟೊ ತೆಗೆದುಕೊಳ್ಳಬಹುದೇ?

ಬೇಡ. ಬಿಸಿಲಿನ ಮಾರ್ಚ್ ದಿನಗಳಲ್ಲೇ ಹಿಮದ ಇಡೀ ಹಾಸು ನೆಲದಿಂದ ಬಿಡಿಸಿಕೊಂಡು ಜಾರುವುದು. ಕರಗಿದ ನೀರು ಬುಡಕ್ಕಿಳಿದು ಹುಲ್ಲಿನ ಮೇಲೆ ಎಣ್ಣೆ ಹಚ್ಚಿದಂತೆ ಮಾಡಿರುತ್ತದೆ. ಮೇಲಿನಿಂದ ನೋಡಿದರೆ ಬರೀ ಬಿಳಿ ಬಯಲು. ಹಗ್ಗ ಕಟ್ಟಿದವರಿಗೆ ಆ ಬೆಟ್ಟ ಗೊತ್ತು.

ಪೆಟ್ಟಾದರೆ?

ಅಲುಗಾಡದೆ ಇರಿ. ಜೊತೆಗಿರುವವರು ಹಲಗೆಗಳನ್ನು ಇಳಿಜಾರಿನಲ್ಲಿ ನಿಮಗಿಂತ ಮೇಲೆ ಕತ್ತರಿಯಾಕಾರದಲ್ಲಿ ನೆಟ್ಟರೆ ಬರುವವರಿಗೆ ಗುರುತಾಗುತ್ತದೆ. ಲಿಫ್ಟ್ ಸಿಬ್ಬಂದಿಗೆ ಹೇಳಿದರೆ ಗಸ್ತು ತಂಡ ಬಂದು ಕೆಳಗೆ ಒಯ್ಯುತ್ತದೆ. ಜಪಾನಿನಲ್ಲಿ ವಾಸವಿರುವವರು ಆರೋಗ್ಯ ವಿಮೆಯ ದಾಖಲೆ ಜೇಬಿನಲ್ಲಿಟ್ಟುಕೊಂಡಿರಿ. ಪ್ರವಾಸಿಗರು ತಮ್ಮ ಪ್ರವಾಸ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯೇ ಎಂದು ಊರಿನಲ್ಲೇ ಓದಿಕೊಂಡು ಬರಬೇಕು.

ಎರಡು ಗಂಟೆಗೆ ಮುಗಿಸಿದರೆ ಉಳಿದ ಹೊತ್ತು ಏನು ಮಾಡುವುದು?

ಯುಜಾವಾ ಬಿಸಿನೀರ ಬುಗ್ಗೆಗಳ ಊರು. ಸ್ಕೀ ಕಟ್ಟಡದಲ್ಲೇ ಸ್ನಾನಗೃಹವಿದೆ. ಮೈಮೇಲೆ ಒಂದು ಎಳೆ ಬಟ್ಟೆಯೂ ಇಲ್ಲದೆ ಇಳಿಯಬೇಕು, ಮೊದಲು ಹೊರಗೆ ಕೂತು ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ಸಂಕೋಚವಿರುತ್ತದೆ, ಐದು ನಿಮಿಷ ಅಷ್ಟೇ. ತೊಡೆಯ ನೋವೆಲ್ಲ ಆ ನೀರಿಗೆ ಬಿಟ್ಟುಹೋಗುತ್ತದೆ.

ಸಮಯವಿದ್ದರೆ ಎಚಿಗೊ-ಯುಜಾವಾ ಪೇಟೆಯಲ್ಲಿ ನಡೆಯಿರಿ. ರಸ್ತೆಯ ನಡುವೆ ಸಾಲಾಗಿ ಚಿಕ್ಕ ತೂತುಗಳು ಕಾಣುತ್ತವೆ. ಹಿಮ ಬೀಳುವಾಗ ಅವುಗಳಿಂದ ಅಂತರ್ಜಲ ಚಿಮ್ಮುತ್ತದೆ. ನೆಲದಾಳದ ನೀರು ಚಳಿಗಾಲದಲ್ಲೂ ಹತ್ತು ಡಿಗ್ರಿಗಿಂತ ಬೆಚ್ಚಗಿರುವುದರಿಂದ ರಸ್ತೆಯ ಹಿಮ ಕರಗುತ್ತದೆ. ಆ ನೀರಿನ ಕಬ್ಬಿಣದ ಅಂಶ ಡಾಂಬರನ್ನು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿಸಿರುತ್ತದೆ. ಅಮ್ಮನಿಗೆ ಅದನ್ನು ಕಂಡು ನಮ್ಮೂರಿನ ರಸ್ತೆ ನೆನಪಾಯಿತು. ನಿಲ್ದಾಣದೊಳಗೆ ನೀಗಾತಾದ ಅಕ್ಕಿ, ಉಪ್ಪಿನಕಾಯಿ, ಸಾಕೆ ಎಂಬ ಅಕ್ಕಿಯ ಮದ್ಯ ಮಾರುವ ಅಂಗಡಿಗಳಿವೆ. ಎರಡು ಕಿಲೋ ಕೊಶಿಹಿಕಾರಿ ತಂದರೆ ಮನೆಯಲ್ಲಿ ಮೊಸರನ್ನಕ್ಕೆ ಚೆನ್ನಾಗಿ ಒದಗುತ್ತದೆ, ಅಂಟಿನ ಗುಣ ಅದಕ್ಕೆ ಸರಿಹೊಂದುತ್ತದೆ.

ಹಿಂದಿರುಗುವ ರೈಲು ಯಾವುದು ಹಿಡಿಯಲಿ?

ನಾಲ್ಕರಿಂದ ಐದರ ಒಳಗಿನದು. ಗಾಲಾ ನಿಲ್ದಾಣದಿಂದಲೇ ಹೊರಡುವ ರೈಲಾದರೆ ಕಾಯ್ದಿರಿಸದ ಬೋಗಿಯಲ್ಲೂ ಸುಲಭವಾಗಿ ಕೂರಬಹುದು. ಒದ್ದೆ ಕೈಗವಸು, ಕಾಲುಚೀಲಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿಟ್ಟುಕೊಳ್ಳಿ, ಆಸನ ಒದ್ದೆಯಾಗಬಾರದು. ವಯಸ್ಸಾದವರನ್ನು ಕಿಟಕಿಯ ಪಕ್ಕ ಕೂರಿಸಿ. ಎಚಿಗೊ-ಯುಜಾವಾ ಬಿಟ್ಟ ಸ್ವಲ್ಪ ಹೊತ್ತಿಗೇ ಸುರಂಗ ಬರುತ್ತದೆ. ದಣಿದವರು ಆ ಕತ್ತಲಲ್ಲಿ ನಿದ್ದೆಹೋಗುತ್ತಾರೆ, ಆಚೆ ಬದಿ ಬಂದಾಗ ಎಬ್ಬಿಸಿ ತೋರಿಸಿ: ಹಿಮವಿಲ್ಲದ ಗುನ್‌ಮಾ ಪ್ರಾಂತ್ಯದ ಬಯಲು, ಸಂಜೆಯ ಬಿಸಿಲಿಗೆ ಒಣಗುತ್ತಿರುವ ಹೊಲ.